ಬಂದವನ ಬಟ್ಟಲು

ನಮ್ಮ ಮನೆಯ ಪಡಸಾಲೆಯಲ್ಲಿ, ಮುಂದಿನ ಬಾಗಿಲಿನ ಪಕ್ಕ, ಗೋಡೆಯೊಳಗೆ ಒಂದು ಗೂಡು. ಅದಕ್ಕೆ ಹಸಿರು ಬಣ್ಣ ಬಳಿದಿದ್ದರು ಎಂದು ನನ್ನ ನೆನಪು. ನೀಲಿ ಎಂದು ಅಮ್ಮಿ. ಹೋದ ವರ್ಷ ಊರಿಗೆ ಹೋದಾಗ ಉಗುರಿನಿಂದ ಕೆರೆದು ನೋಡಿದೆ. ಒಳಗೆ ಸುಣ್ಣ, ಅದರೊಳಗೆ ಇನ್ನೊಂದು ಸುಣ್ಣ, ಆಮೇಲೆ ಮಣ್ಣು. ಹಸಿರೂ ಇಲ್ಲ, ನೀಲಿಯೂ ಇಲ್ಲ. ಓದುವವರು ಇದನ್ನು ಮೊದಲೇ ತಿಳಿದಿರಲಿ: ನಾನು ಕಂಡದ್ದು ಎಂದು ಬರೆಯುವುದರಲ್ಲಿ ಅರ್ಧದಷ್ಟು, ಯಾರೋ ಆಮೇಲೆ ಹೇಳಿದ್ದನ್ನು ಕಂಡಂತೆ ಮಾಡಿಕೊಂಡದ್ದು. ಆದರೆ ಆ ಗೂಡಿನಲ್ಲಿ ಒಂದು ಹಿತ್ತಾಳೆಯ ಬಟ್ಟಲು ಇತ್ತು, ಈಗಲೂ ಇದೆ. ಅದು ಒಂದು ಸಲ ನಮ್ಮ ಚಿಚ್ಚಾನಿಗೆ, ಅಂದರೆ ಅಬ್ಬಾನ ತಮ್ಮ ಮೌಲಾಲಿಗೆ, ಸಿಗಬೇಕಾಗಿತ್ತು. ಸಿಗಲಿಲ್ಲ. ಇಷ್ಟರಲ್ಲಿ ನನಗೆ ಅನುಮಾನವಿಲ್ಲ.

ಶಹಾಪುರದಿಂದ ಸಗರದ ಕಡೆ ಹೋಗುವ ದಾರಿಯ ಒಂದು ಊರು ನಮ್ಮದು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಮಾಳಿಗೆ ಹತ್ತಿದರೆ ದೂರದಲ್ಲಿ ಮನುಷ್ಯ ಮಲಗಿದಂತೆ ಕಾಣುವ ಗುಡ್ಡ. ಮುಂದಿನ ಬಾಗಿಲು ಓಣಿಗೆ, ಹಿಂದಿನದು ಹಿತ್ತಲಿಗೆ. ಹಿತ್ತಲ ಬಾಗಿಲಿಗೆ ಅಂಟಿಕೊಂಡು ನಾಲಿನ ಖೋಲಿ. ನಾವು ನಾಲಬಂದರು, ಎತ್ತಿನ ಗೊರಸಿಗೆ ಕಬ್ಬಿಣದ ನಾಲು ಬಡಿಯುವವರು. ದಾದಾ, ಅಂದರೆ ಅಬ್ಬಾನ ಅಪ್ಪ, ಹಗ್ಗ ಸುತ್ತಿ ಒಂದೇ ಜಗ್ಗಿಗೆ ಎತ್ತನ್ನು ಮಗ್ಗುಲಿಗೆ ಕೆಡವುತ್ತಿದ್ದ. ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಗೊರಸು ಕೆತ್ತಿ, ಮೊಳೆ ಹೊಡೆಯುತ್ತಿದ್ದ. ಎತ್ತಿನ ತಲೆ ಹಿಡಿದು ಕೂರುವುದು ಚಿಚ್ಚಾನ ಕೆಲಸ. ಅವನು ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದ, ನಮಗೆ ಹೇಳುತ್ತಿರಲಿಲ್ಲ. ಹಗ್ಗ ಬಿಚ್ಚಿದ ಮೇಲೂ ಎತ್ತು ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡಿರುತ್ತದೆ. ಬೆನ್ನಿಗೆ ಒಂದು ಏಟು ಬಿದ್ದ ಮೇಲೆಯೇ ಅದಕ್ಕೆ ತನ್ನ ಕಾಲು ತನ್ನವು ಎಂದು ತಿಳಿಯುವುದು. ಮನೆಯಲ್ಲಿ ನಮ್ಮ ಮಾತು ದಖನಿ. ದಾದಾನಿಗೆ ಸಿಟ್ಟು ಬಂದರೆ ಕನ್ನಡ, ಹಾಡು ಬಂದರೆ ಕನ್ನಡ. ಚಿಚ್ಚಾ ಬಂದಿದ್ದ ಆ ದಿನಗಳಲ್ಲಿ ಸಿಟ್ಟು, ಹಾಡು ಎರಡೇ ಇದ್ದದ್ದರಿಂದ ನನ್ನ ನೆನಪಿನಲ್ಲಿ ಎಲ್ಲರೂ ಕನ್ನಡವನ್ನೇ ಆಡುತ್ತಾರೆ.

ಮೊಹರಮ್ಮಿನ ಹತ್ತು ದಿನ ಮನೆಯ ಮಂಚಗಳನ್ನು ಬೋರಲು ಹಾಕಿಬಿಡುತ್ತಿದ್ದರು. ಎಲ್ಲರೂ ನೆಲದ ಮೇಲೆ. ಮಾಂಸವಿಲ್ಲ, ಎಣ್ಣೆ ಹಚ್ಚಿ ಬಾಚುವುದಿಲ್ಲ. ದಾದಿ ಚೋಂಗೆಯ ಹಿಟ್ಟನ್ನು ಬೆಲ್ಲದ ನೀರಿನಲ್ಲಿ ನಾದಿ, ಕಟ್ಟಿಗೆಯ ಅಚ್ಚಿನ ಮೇಲೆ ಒತ್ತಿ, ಕರಿದು, ಬುಟ್ಟಿ ತುಂಬುತ್ತಿದ್ದಳು. ಎಂಟನೆಯ ದಿನ ಮಧ್ಯಾಹ್ನ, ಪಡಸಾಲೆಗೆ ಹೊಂದಿದ ನಮ್ಮ ಒಳ ಅಂಗಳದಲ್ಲಿ ಪದ. ದಾದಾ ಮುಂದೆ ಹಾಡುವವನು. ಪಕ್ಕದ ಮನೆಯ ಭೀಮಣ್ಣ ಹಿಂದೆ ಎತ್ತಿಕೊಳ್ಳುವವನು, ತಾಳಕ್ಕೆ ಬಡಿಯುವ ದಪ್ಪು ಅವನ ಕೈಯಲ್ಲಿ. ಊರಿನ ಎಲ್ಲ ಜಾತಿಯವರೂ ಬಂದು ಕೂರುತ್ತಿದ್ದರು. ಪದ ಕರ್ಬಲಾದ ಬಯಲಿನದು. ಹೊಳೆ ಕಣ್ಣೆದುರಿಗೇ ಹರಿಯುತ್ತಿದೆ, ದೊರೆಯ ಫೌಜು ಅದಕ್ಕೆ ಅಡ್ಡ ನಿಂತಿದೆ, ಪ್ರವಾದಿಯ ಮೊಮ್ಮಗ ತನ್ನ ಹೆಣ್ಣುಮಕ್ಕಳು ಕೂಸುಗಳ ಜೊತೆ ಬಾಯಾರಿ ಕುಳಿತಿದ್ದಾನೆ. ಆಗ ಫೌಜಿನೊಳಗಿನ ಒಬ್ಬ ಸರದಾರ, ಇವರನ್ನು ದಾರಿಯಲ್ಲಿ ಮೊದಲು ತಡೆದವನೇ ಅವನು, ಬೆಳಗಿನ ಹೊತ್ತಿಗೆ ಗಡಗಡ ನಡುಗುತ್ತಾನೆ. ಕುದುರೆ ತಿರುಗಿಸುತ್ತಾನೆ. ಬೂಟು ಕೊರಳಿಗೆ ಕಟ್ಟಿಕೊಂಡು, ಬಾಯಾರಿದವರ ಕಡೆಗೆ ಬಂದುಬಿಡುತ್ತಾನೆ. ಪದದಲ್ಲಿ ಅವನಿಗೆ ಹೆಸರಿತ್ತು. ಮನೆಯಲ್ಲಿ ನಾವು ಅವನನ್ನು ‘ಬಂದಾಂವ’ ಎನ್ನುತ್ತಿದ್ದೆವು, ನೆಂಟನನ್ನು ಕರೆದ ಹಾಗೆ. ಬಂದವನಿಗೆ ಕೊಡಲು ಈ ಕಡೆ ಒಂದು ಹನಿ ನೀರೂ ಇರಲಿಲ್ಲ. ದಾದಾ ಪ್ರತಿ ವರ್ಷ ಅಲ್ಲಿಗೆ ಬಂದಾಗ ಅಳುತ್ತಿದ್ದ, ದನಿ ಒಡೆಯುತ್ತಿತ್ತು, ಭೀಮಣ್ಣ ದಪ್ಪು ಬಡಿದು ಸಂಭಾಳಿಸುತ್ತಿದ್ದ.

ಆ ಕೊರತೆ ತುಂಬಲೆಂದು ಬಟ್ಟಲು. ಬೆಲ್ಲ, ಸೋಂಪು, ಮೆಣಸು ಹಾಕಿದ ಶರಬತ್ತು ತುಂಬಿ ಗೂಡಿನಲ್ಲಿಡುವುದು. ಪದ ಮುಗಿದ ಮೇಲೆ ಮುಂದಿನ ಬಾಗಿಲಿನಿಂದ ಮೊದಲು ಒಳಗೆ ಕಾಲಿಟ್ಟವರಿಗೆ ಮನೆಯ ಹಿರಿಯರು ತಮ್ಮ ಕೈಯಾರೆ ಕೊಡುವುದು. ಯಾರು, ಯಾಕೆ ಬಂದಿ, ಏನೂ ಕೇಳಬಾರದು. ಬೇರೆ ಊರಲ್ಲಿ ಈ ಪದ್ಧತಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ನಮ್ಮ ಮನೆಯಲ್ಲಿ ಇತ್ತು. ಒಂದು ವರ್ಷ ಪಿನ್ನು ಬಳೆ ಮಾರುವವಳು ಕುಡಿದಳು. ಒಂದು ವರ್ಷ, ಹಿತ್ತಲ ಗೋಡೆಯ ಜಗಳದಲ್ಲಿ ದಾದಾನ ಜೊತೆ ಮಾತು ಬಿಟ್ಟವನೇ ತನ್ನ ಕರು ಹುಡುಕುತ್ತ ನುಗ್ಗಿದ. ದಾದಾ ಮುಖ ಆ ಕಡೆ ಮಾಡಿಕೊಂಡು ಬಟ್ಟಲನ್ನು ಈ ಕಡೆ ಚಾಚಿದ. ಕೊಟ್ಟ ಅಂತೂ.

ಚಿಚ್ಚಾ ಮತ್ತು ಭೀಮಣ್ಣನ ಮಗ ಶರಣಪ್ಪ ಒಂದೇ ದಿನ ಯಾದಗಿರಿಗೆ ಹೋಗಿ, ರೈಲು ಹತ್ತಿ, ಫೌಜಿಗೆ ಭರ್ತಿಯಾಗಿದ್ದರು. ದಾದಾ ಓಣಿಗೆಲ್ಲ ಸಕ್ಕರೆ ಹಂಚಿದ್ದ. ಆಮೇಲೆ ಅವರನ್ನು ಹಡಗು ಹತ್ತಿಸಿ ಕಡಲಾಚೆಯ ಒಂದು ನಾಡಿಗೆ ಕಳಿಸಿದರು. ಅಲ್ಲಿಯ ಎರಡು ಕಡೆಯವರ ಜಗಳ ಬಿಡಿಸಲಿಕ್ಕೆ ಎಂದು ಹೇಳಿದ್ದರು. ಹೋದವರು ಮೂರನೆಯ ಕಡೆಯಾದರು. ಆ ಯುದ್ಧದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ, ನಾನೂ ಎತ್ತುವುದಿಲ್ಲ. ‘ಆಕಡಿದು’ ಎನ್ನುತ್ತಿದ್ದರು, ನೆರೆಮನೆಯ ಹೆಂಗಸಿನ ರೋಗವನ್ನು ಹೇಳುವ ಹಾಗೆ.

ಚಿಚ್ಚಾ ಬಂದ ದಿನ ಹೊಲಗಳಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದರು, ಮೊಹರಮ್ಮಿನ ಚಂದ್ರ ಇನ್ನೂ ಕಂಡಿರಲಿಲ್ಲ. ಬೆಳಗಿನ ಊಟದ ಹೊತ್ತು. ಅಬ್ಬಾ ಸುರಪುರದ ಗ್ಯಾರೇಜಿನಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ದಾದಾ, ದಾದಿ, ಅಮ್ಮಿ, ನಾನು ಒಲೆಯ ಮುಂದೆ ಇದ್ದೆವು. ಚಿಚ್ಚಾ ಹಿತ್ತಲ ಬಾಗಿಲಿನಿಂದ ಬಂದ. ದಾದಿ ಎದ್ದು ಅವನ ಮುಖವನ್ನು ಹಿಟ್ಟಿನ ಕೈಯಿಂದಲೇ ಸವರಿದಳು, ಅವನ ಗಡ್ಡಕ್ಕೆ ಜೋಳದ ಹಿಟ್ಟು ಅಂಟಿತು. ಅವನು ಕುಳಿತು ಪುಂಡಿಪಲ್ಯದಲ್ಲಿ ರೊಟ್ಟಿ ಮುರಿದ. ದಾದಾ ಕೇಳಿದ:

“ರಜಾ ಎಷ್ಟು ದಿನ?”

“ರಜಾ ಅಲ್ಲ ಅಬ್ಬಾ. ಬಿಟ್ಟು ಬಂದೀನಿ.”

“ಟ್ರಂಕು?”

“ಅಲ್ಲೇ ಅದ.”

“ಬೂಟು?”

ಚಿಚ್ಚಾ ಹಿತ್ತಲ ಬಾಗಿಲಿನ ಕಡೆ ನೋಡಿದ. ಬಿಚ್ಚಿಟ್ಟ ಬೂಟುಗಳು ಅಲ್ಲಿದ್ದವು.

“ಬೂಟು ಸರಕಾರದ್ದು,” ಎಂದ ದಾದಾ. “ಬರಿಗಾಲಿಲೇ ಓಡಿ ಬರ್ಬೇಕಿತ್ತು. ನಾಲು ನಾ ಬಡೀತಿದ್ದೆ.”

ದಾದಿ ನಕ್ಕಳು. ನಗೆಯಲ್ಲ ಎಂದು ತಿಳಿಯಲು ಅವಳಿಗೂ ನನಗೂ ಸ್ವಲ್ಪ ಹೊತ್ತು ಬೇಕಾಯಿತು. ದಾದಾ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅಂದಿನಿಂದ ಮನೆಯಲ್ಲಿ ಎರಡು ಪಂಕ್ತಿ. ಮೊದಲು ದಾದಾ ಉಣ್ಣುತ್ತಿದ್ದ. ಅವನು ಎದ್ದು ಹೋದ ಮೇಲೆ ಚಿಚ್ಚಾ. ದಾದಿ ಎರಡೂ ಸಲ ಬಡಿಸಿ, ಎರಡೂ ಸಲ ತಾನು ಉಂಡೆ ಎಂದು ಸುಳ್ಳು ಹೇಳಿ, ಉಳಿದ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ಊರಿಗೆ ರಜಾ ಎಂದೇ ಹೇಳಿದ್ದರು.

ಬಾವಿಯ ಕಥೆಯನ್ನು ಅವನು ನಾಲಿನ ಖೋಲಿಯಲ್ಲಿ, ಡೊಂಕಾದ ಮೊಳೆಗಳನ್ನು ಬಡಿದು ನೇರ ಮಾಡುತ್ತ ಹೇಳಿದ. ಅಮ್ಮಿಗೆ ಹೇಳಿದನೋ ದಾದಿಗೋ, ನಾನು ಅಲ್ಲಿದ್ದೆನೋ ಇಲ್ಲವೋ. ಮೊಳೆಯ ಸದ್ದು ಮಾತ್ರ ಕಥೆಯ ಜೊತೆಗೇ ಕೇಳಿಸುತ್ತದೆ. ಅಲ್ಲಿಯ ಒಂದು ಹಳ್ಳಿಯಿಂದ ಯಾರೋ ಇವರ ಮೇಲೆ ಗುಂಡು ಹಾರಿಸಿದ್ದರು. ಹಾರಿಸಿದವರನ್ನು ಒಪ್ಪಿಸುವ ತನಕ ಹಳ್ಳಿಗೆ ನೀರಿಲ್ಲ ಎಂದು ಮೇಲಿನವನೊಬ್ಬ ಹೇಳಿದ. ಇದ್ದ ಒಂದು ಬಾವಿಗೆ ಕಾವಲು. ಚಿಚ್ಚಾ ಮತ್ತು ಶರಣಪ್ಪ ಪಾಳಿಯ ಮೇಲೆ ನಿಂತರು. ಹೆಂಗಸರು ಕೊಡ ತಂದರು. ಬೈಯಲಿಲ್ಲ, ಕಾಲಿಗೆ ಬೀಳಲಿಲ್ಲ. ಕೊಡಗಳನ್ನು ಸಾಲಾಗಿ ಇಟ್ಟು, ದೂರದಲ್ಲಿ ಕುಳಿತುಕೊಂಡರು.

“ಒಬ್ಬಾಕಿ ಮುದುಕಿ ಖಾಲಿ ಕೊಡದಾಗ ಕೈ ಹಾಕಿದಳು. ಒಳಗ ತಳಾ ಒರಸಿ, ಆ ಹಸಿ ಕೈ ತಗದು ಕೂಸಿನ ತುಟಿಗಿ ಹಚ್ಚಿದಳು. ನಾ ಬಂದೂಕ ಹಿಡಕೊಂಡು ನೋಡ್ಕೋತ ನಿಂತಿದ್ದೆ.”

ಈ ಕಥೆ ನಮ್ಮ ಮನೆಯ ಪದಕ್ಕೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಒಬ್ಬ ಹುಡುಗ ಓಡಿಬಂದದ್ದಕ್ಕೆ, ಅಪ್ಪ ಒಪ್ಪಲೇಬೇಕಾದ ಒಂದೇ ಕಾರಣ ಇಷ್ಟು ನುಣ್ಣಗೆ ಸಿಗುವುದುಂಟೆ? ಬಹಳ ವರ್ಷಗಳ ಮೇಲೆ, ದಾದಾ ಸತ್ತ ಮೇಲೆ, ಚಿಚ್ಚಾನನ್ನೇ ಕೇಳಿದ್ದೆ. “ಬಾವಿ ಗೀವಿ ಏನಿಲ್ಲ ಬಿಡವ್ವ, ಅಂಜಿಕಿ ಬಂತು, ಓಡಿದೆ,” ಎಂದು ಬೀಡಿ ಹಚ್ಚಿದ. ಅದನ್ನೂ ನಂಬುವುದು ಕಷ್ಟ. ಅಷ್ಟು ಹೊತ್ತಿಗೆ ಅವನನ್ನು ಅಂಜುಬುರುಕ ಎಂದು ಊರು ಎಷ್ಟು ಸಲ ಕರೆದಿತ್ತೆಂದರೆ, ಅದು ಅವನ ನೆನಪೋ ಊರಿನ ನೆನಪೋ ಯಾರು ಹೇಳಬೇಕು?

ಆ ಊಟದ ನಂತರ ಅಪ್ಪ ಮಗ ಮಾತಾಡಿದ್ದು ಒಂದೇ ಸಲ, ಕೆಡವಿದ ಎತ್ತಿನ ಆಚೀಚೆ ಕುಳಿತು. ಶಹಾಪುರದ ಸಂತೆಗೆ ಹೋಗುವ ಯಾರದೋ ಎತ್ತು, ತುರ್ತು. ಹಿಡಿಯಲು ಬೇರೆ ಯಾರೂ ಇರಲಿಲ್ಲ. ಚಿಚ್ಚಾ ತಲೆ ಹಿಡಿದು ಕುಳಿತ, ದಾದಾ ಕಾಲಿನ ಕಡೆ. ನಡುವೆ ಎತ್ತು ಇದ್ದದ್ದರಿಂದ ಇಬ್ಬರೂ ಮುಖ ನೋಡಿಕೊಳ್ಳದೆ ಮಾತಾಡಬಹುದಾಗಿತ್ತು.

“ಕುರಾನಿನ ಮ್ಯಾಲ ಕೈ ಇಟ್ಟು ಕಸಮ್ ತಿಂದೀಯೋ ಇಲ್ಲೋ?”

“ತಿಂದೀನಿ.”

“ಮತ್ತ?”

“ದೇಶಾ ಕಾಯ್ತೀನಂತ ತಿಂದೀನಿ. ಮಂದಿ ಬಾವಿ ಕಾಯ್ತೀನಂತ ಅಲ್ಲ.”

“ಇದು ನ್ಯಾಯ, ಇದು ಅನ್ಯಾಯ ಅಂತ ಒಬ್ಬೊಬ್ಬ ಸಿಪಾಯಿ ತಕ್ಕಡಿ ಹಿಡಕೊಂಡು ಕುಂತ್ರ ಫೌಜು ಯಾತಕ್ಕ ಬೇಕು?”

“ಹೊಳಿ ಮುಂದ ನಿಂತ ಸಿಪಾಯ್ರಿಗಿ ನೀ ವರ್ಷಾ ವರ್ಷಾ ಶಾಪ ಹಾಕ್ತಿ ಅಬ್ಬಾ. ಅವರೂ ಹಂಗ ಅಂದಿರ್ಬೇಕು. ನಿನ್ನ ಪದಾ ಕೇಳೇ ಬೆಳದಾಂವ ನಾ.”

ದಾದಾ ಮೊಳೆ ಹೊಡೆದ. ಎತ್ತು ಉಸಿರು ಬಿಟ್ಟಿತು.

“ಪದದಾಗಿನಾಂವ ಓಡಿ ಮನಿಗಿ ಬರ್ಲಿಲ್ಲ ಮಗನ. ಆಕಡಿ ಹೋಗಿ ನಿಂತ. ತಲಿ ಕೊಟ್ಟ.”

“ಆಕಡಿಯವ್ರೂ ಹಳ್ಳಿ ಸುಡಾಕತ್ತಾರ. ಈಕಡಿ ನಾವು. ನಾ ಎಲ್ಲಿ ಹೋಗಿ ನಿಲ್ಬೇಕಿತ್ತು ಹೇಳು. ಎರಡೂ ಬ್ಯಾಡಂದ್ರ ಮನಿ ಒಂದೇ ಉಳೀತದ.”

“ನೀ ಬಿಟ್ಟು ಬಂದ ಜಾಗಾದಾಗ ಈಗ ಯಾರು ನಿಂತಾರ?”

ಚಿಚ್ಚಾ ಎತ್ತಿನ ತಲೆ ಬಿಟ್ಟು ಎದ್ದ. ಹಗ್ಗ ಬಿಚ್ಚಿದರು. ಎತ್ತು ಎಂದಿನಂತೆ ಬಿದ್ದುಕೊಂಡೇ ಇತ್ತು. ಅದನ್ನು ತೋರಿಸಿ ಅವನು ಅಂದ:

“ನೋಡು. ಬಿಚ್ಚಿದ್ರೂ ಮಲ್ಕೊಂಡದ. ನಾ ಎದ್ದೆ, ಅಷ್ಟ.”

ದಾದಾ ಎತ್ತಿನ ಬೆನ್ನಿಗೆ ಹೊಡೆದ ಏಟು ಬೇಕಾದದ್ದಕ್ಕಿಂತ ಜೋರಾಗಿತ್ತು.

ದಾದಾನನ್ನು ಬರೀ ಕಪಟಿ ಎಂದು ಬರೆದು ಮುಗಿಸಬಹುದು. ಬಹಳ ಸಲ ಹಾಗೇ ಬರೆದು ಹರಿದಿದ್ದೇನೆ. ಆದರೆ ಒಳಗೆ ಅಮ್ಮಿ ರೊಟ್ಟಿ ಬಡಿಯುತ್ತ ದಾದಿಗೆ ಹೇಳಿದ ಮಾತು ಅಡ್ಡ ಬರುತ್ತದೆ. “ಬ್ಯಾರೇಯವರ ಮನಿ ಹುಡುಗ ಓಡಿ ಬಂದ್ರ ಅಂಜುಬುರುಕ ಅಂದು ಬಿಟ್ಟುಬಿಡ್ತಾರ ಅತ್ತಿ. ನಮ್ಮ ಮನಿ ಹುಡುಗ ಬಂದ್ರ ಅಷ್ಟಕ್ಕ ಬಿಡ್ತಾರೇನು? ‘ಇವರ ಮಂದಿನೇ ಹಿಂಗ’ ಅಂತಾರ. ನಾಳಿ ನನ್ನ ಮಕ್ಕಳ ಮುಖಕ್ಕ ಅಂತಾರ.” ದಾದಿ ಅದಕ್ಕೆ, “ನನಗ ಯಾವ ಕಡಿನೂ ಬ್ಯಾಡ. ಉಣ್ಲಿ ಬಿಡ್ರಿ ಅವ,” ಎಂದಳು. ದಾದಾ ಹಂಚಿದ ಸಕ್ಕರೆಗೆ ಊರು ಎಷ್ಟು ಬೆಲೆ ಕೊಟ್ಟಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಅಲ್ಲಿಯವರೆಗೆ ಅವನನ್ನು ‘ಲಾಲ್ಯಾ’ ಎನ್ನುತ್ತಿದ್ದವರು ‘ಲಾಲಸಾಬ್ರ’ ಎನ್ನಲು ಶುರುಮಾಡಿದ್ದು ಮಗ ಫೌಜಿಗೆ ಹೋದ ಮೇಲೆ. ಆ ಒಂದು ‘ರ’ಕಾರಕ್ಕಾಗಿ ಒಬ್ಬ ಮುದುಕ ಮಗನನ್ನು ಕೊಡುತ್ತಾನೆಯೇ ಎಂದು ಕೇಳುವವರು, ಅದಿಲ್ಲದೆ ಒಂದು ಊರಿನಲ್ಲಿ ಬದುಕಿ ನೋಡಬೇಕು.

ಭೀಮಣ್ಣ ದಿನಾ ಬರುತ್ತಿದ್ದ. ಪದದ ತಾಲೀಮು ನೆಪ. ಬಂದವನು ಚಿಚ್ಚಾನ ಪಕ್ಕ ಕುಳಿತು, ಅವನ ತೊಡೆಯ ಮೇಲೆ ಕೈಯಿಟ್ಟು, ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾಡಿ ಕೇಳುತ್ತಿದ್ದ.

“ನಮ್ಮ ಶರಣ್ಯಾ ದಪ್ಪಗ ಆಗ್ಯಾನೋ, ಸೊರಗ್ಯಾನೋ?”

“ಆರಾಮ ಅದಾನ ಕಾಕಾ.”

“ಅಂವಗ್ಯಾಕ ರಜಾ ಸಿಗ್ಲಿಲ್ಲೋ?”

“ಪಾಳಿ ಇರ್ತದ ಕಾಕಾ.”

“ನಿನ್ನ ಪಾಳಿ ಮುಗದ ಮ್ಯಾಲ ಅವಂದು ಅನ್ನು.”

ಭೀಮಣ್ಣನ ಹೆಂಡತಿ ಶೇಂಗಾದ ಉಂಡೆ ಕಟ್ಟಿ, ಬಟ್ಟೆಯಲ್ಲಿ ಗಂಟು ಹಾಕಿ ತಂದಿಟ್ಟಳು. ಚಿಚ್ಚಾ ವಾಪಸು ಹೋಗುವಾಗ ಶರಣಪ್ಪನಿಗೆ ಒಯ್ಯಬೇಕು. ಆ ಗಂಟು ನಾಲಿನ ಖೋಲಿಯ ಗೂಟಕ್ಕೆ ನೇತಾಡುತ್ತಿತ್ತು. ಇರುವೆ ಹತ್ತದಂತೆ ಚಿಚ್ಚಾ ಗೂಟಕ್ಕೆ ಎಣ್ಣೆ ಸವರುತ್ತಿದ್ದ. ಹಿಂದಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದವನು, ಒಯ್ಯಬೇಕಾದ ಗಂಟನ್ನು ಅಷ್ಟು ಜೋಪಾನ ಮಾಡುತ್ತಿದ್ದ. ಇದನ್ನು ನಾನು ಖಂಡಿತ ಕಂಡಿದ್ದೇನೆ, ಯಾಕೆಂದರೆ ಇದನ್ನು ಬೇರೆ ಯಾರೂ ನನಗೆ ಹೇಳಿಲ್ಲ.

ಎಂಟನೆಯ ದಿನದ ಹೊತ್ತಿಗೆ ಊರಿಗೆ ಗೊತ್ತಾಗಿತ್ತು. ಯಾರು ಹೇಳಿದರು ಎಂದು ಹುಡುಕುವುದರಲ್ಲಿ ಅರ್ಥವಿಲ್ಲ. ಟ್ರಂಕಿಲ್ಲದೆ ಬಂದ ಸಿಪಾಯಿ ಎಷ್ಟು ದಿನ ರಜೆಯಲ್ಲಿರಲು ಸಾಧ್ಯ? ಅಂಗಳ ಎಂದಿಗಿಂತ ಹೆಚ್ಚು ತುಂಬಿತ್ತು. ದಾದಾ ಹಾಡಲು ಕುಳಿತ. ಭೀಮಣ್ಣ ಪಕ್ಕದಲ್ಲಿ ಕುಳಿತ, ಆದರೆ ಆ ದಿನ ಅವನು ದಾದಾನ ಮುಖ ನೋಡಲಿಲ್ಲ, ದಪ್ಪನ್ನೇ ನೋಡುತ್ತ ಬಡಿದ. ಪದ ಹೊಳೆಗೆ ಬಂತು. ಕೂಸುಗಳ ಬಾಯಾರಿಕೆಗೆ ಬಂತು. ಸರದಾರ ಕುದುರೆ ತಿರುಗಿಸುವಲ್ಲಿಗೆ ದಾದಾ ಬಂದಾಗ ಎಲ್ಲರೂ ನಮ್ಮ ಒಳಮನೆಯ ಬಾಗಿಲು ನೋಡಿದರು. ಅಲ್ಲಿ ಚಿಚ್ಚಾ ಇರಲಿಲ್ಲ. ದಾದಾ ಅತ್ತ, ಪ್ರತಿ ವರ್ಷದಂತೆಯೇ ಅತ್ತ. ಅದು ನಟನೆಯಾಗಿರಲಿಲ್ಲ. ಅದೇ ನನಗೆ ಇವತ್ತಿಗೂ ಕ್ಷಮಿಸಲು ಆಗದ್ದು. ಸುಳ್ಳು ಅತ್ತಿದ್ದರೆ ಸುಲಭವಿತ್ತು.

ಪದ ಮುಗಿಯಿತು. ಜನ ಏಳುವ ಮೊದಲು ಮುಂದಿನ ಬಾಗಿಲಿನಲ್ಲಿ ಬೆಳಕು ಮರೆಯಾಯಿತು. ಚಿಚ್ಚಾ ಹಿತ್ತಲಿನಿಂದ ಹೊರಬಿದ್ದು, ಓಣಿ ಸುತ್ತಿ, ಮುಂದಿನ ಬಾಗಿಲಿಗೆ ಬಂದಿದ್ದ. ಬರಿಗಾಲು. ಪದದ ಸರದಾರನಂತೆ ಬೂಟುಗಳನ್ನು ಕೊರಳಿಗೆ ಕಟ್ಟಿಕೊಂಡಿದ್ದ ಎಂದು ಅಮ್ಮಿ ಹೇಳುತ್ತಾಳೆ. ನನ್ನ ಲೆಕ್ಕದಲ್ಲಿ ಬೂಟು ಹಿತ್ತಲಲ್ಲೇ ಇದ್ದವು. ಅವನು ಹೊಸ್ತಿಲು ದಾಟಿ ಒಳಗೆ ಕಾಲಿಟ್ಟ, ನಿಂತ, ಎರಡೂ ಕೈ ಜೋಡಿಸಿ ಬೊಗಸೆ ಮಾಡಿದ.

ದಾದಾ ಎದ್ದ. ಗೂಡಿನಿಂದ ಬಟ್ಟಲು ತೆಗೆದ. ಮಗನ ಮುಂದೆ ಬಂದು ನಿಂತ. ಶರಬತ್ತು ತುಳುಕುತ್ತಿತ್ತು. ನಂತರ, ನಮ್ಮ ಮನೆಯಲ್ಲಿ ಆವರೆಗೆ ಯಾರೂ ಕೇಳದ್ದನ್ನು ಕೇಳಿದ:

“ಯಾರು?”

ಯಾರೋ ಕೆಮ್ಮಿದರು. ಚಿಚ್ಚಾ ನಕ್ಕಂತೆ ಮಾಡಿದ.

“ನಿನ್ನ ಮಗ, ಅಬ್ಬಾ.”

“ನನ್ನ ಮಗ ಫೌಜಿನಾಗ ಅದಾನ,” ಎಂದು ದಾದಾ ಬಟ್ಟಲನ್ನು ಮತ್ತೆ ಗೂಡಿನಲ್ಲಿಟ್ಟ.

ದಾದಿ ಒಳಗಿನಿಂದ ಒಂದು ಕೂಗು ಹಾಕಿದಳು, ಹೆಸರಲ್ಲ, ಮಾತಲ್ಲ. ಚಿಚ್ಚಾನ ಬೊಗಸೆ ಹಾಗೇ ಇತ್ತು. ಆಗ ಭೀಮಣ್ಣ ದಪ್ಪು ಕೆಳಗಿಟ್ಟು ಎದ್ದು, ಗೂಡಿಗೆ ಕೈ ಹಾಕಿ, ಆ ಬಟ್ಟಲನ್ನು ತಾನೇ ತಂದು ಅವನ ಕೈಯಲ್ಲಿ ಇಟ್ಟ. ಒಂದು ಗಳಿಗೆ ನನಗೆ ಎಲ್ಲ ಸರಿಹೋಯಿತು ಅನ್ನಿಸಿತು. ಭೀಮಣ್ಣನ ದನಿ ಬಹಳ ಮೆತ್ತಗಿತ್ತು.

“ಕುಡಿ ಮೌಲ್ಯಾ. ನೀ ಬಂದಿ, ಛಲೋ ಮಾಡಿದಿ. ಕುಡದು ಹೇಳು, ನನ್ನ ಮಗನ್ನ ಯಾರ ಕೈಯಾಗ ಕೊಟ್ಟು ಬಂದಿ?”

ಚಿಚ್ಚಾ ಬಟ್ಟಲನ್ನು ತುಟಿಯ ತನಕ ತಂದ. ಕುಡಿಯಲಿಲ್ಲ. ಬಾಗಿ, ಹೊಸ್ತಿಲ ಮೇಲಿಟ್ಟು, ಬಂದ ಬಾಗಿಲಿನಿಂದಲೇ ಹೊರಗೆ ಹೋದ. ಆ ವರ್ಷ ಬಟ್ಟಲನ್ನು ಕುಡಿದದ್ದು ಒಂದು ಕೋಳಿ.

ಮರುದಿನ ಬೆಳಿಗ್ಗೆ ಅವನೇ ಬೂಟು ಹಾಕಿಕೊಂಡ. ಯಾರೂ ಹೋಗು ಎನ್ನಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ಅಮ್ಮಿ ಚೋಂಗೆ ಕಟ್ಟಿದಳು. ಅವನು ಗೂಟದಿಂದ ಶೇಂಗಾದ ಗಂಟು ತೆಗೆದು, ಹಿತ್ತಲ ಬಾಗಿಲಿನಿಂದ ಹೊರಟ. ದಾದಾ ಅವನ ಹಿಂದೆ, ಕೂಗಿದರೆ ಕೇಳುವಷ್ಟು ದೂರ ಬಿಟ್ಟು, ಬಸ್ಸಿನ ತನಕ ನಡೆದ. ಕೂಗಲಿಲ್ಲ. ಫೌಜಿನವರು ಅವನನ್ನು ಮತ್ತೆ ಕಡಲಾಚೆಗೆ ಕಳಿಸಲಿಲ್ಲ. ಜೈಲಿಗೆ ಹಾಕಿದರು, ಆಮೇಲೆ ತೆಗೆದುಹಾಕಿದರು. ಉಂಡೆಯ ಗಂಟು ಏನಾಯಿತೋ, ಕೇಳಲಿಲ್ಲ.

ತಿರುಗಿ ಬಂದಾಗ ಅವನು ಹಿತ್ತಲ ಬಾಗಿಲಿನಿಂದಲೇ ಬಂದ. ಮುಂದೆ ಎಷ್ಟೋ ವರ್ಷ ಅದೇ ಮನೆಯಲ್ಲಿ, ನಾಲಿನ ಖೋಲಿಯಲ್ಲಿ, ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರುಗಳು ಬರುವ ತನಕ, ಕೊನೆಯ ಎತ್ತಿನ ಕೊನೆಯ ಗೊರಸಿನ ತನಕ ಕೆಲಸ ಮಾಡಿದ. ದಾದಾನಿಗೆ ಪಾರ್ಶ್ವವಾಯು ಬಡಿದಾಗ ಎತ್ತಿ ತೊಳೆದು ಬಳಿದವನೂ ಅವನೇ. ಮದುವೆಗೆ ಹೆಣ್ಣು ಸಿಗಲಿಲ್ಲ. ಮುಂದಿನ ಆ ಬಾಗಿಲಿನಿಂದ ಅವನು ಮತ್ತೆ ಒಮ್ಮೆಯೂ ಒಳಗೆ ಬರಲಿಲ್ಲ. ಅವನ ಹೆಣವನ್ನು ಹೊರಗೆ ಒಯ್ಯುವಾಗ ಮಾತ್ರ ಆ ಬಾಗಿಲು ಬಳಸಿದರು, ಹಿತ್ತಲಿನದು ಸಣ್ಣದು ಎಂಬ ಕಾರಣಕ್ಕೆ.

ದಾದಾ ಅವನಿಗೆ ಮಾಡಿದ್ದಕ್ಕಿಂತ ದೊಡ್ಡದನ್ನು ಪದಕ್ಕೆ ಮಾಡಿದ. ಮರುವರ್ಷ ಎಂಟನೆಯ ದಿನ ಹಾಡಲು ಕುಳಿತವನು, ಹೊಳೆಯಿಂದ ಕೂಸುಗಳ ಬಾಯಾರಿಕೆಗೆ ಬಂದು, ಅಲ್ಲಿಂದ ನೇರ ಯುದ್ಧಕ್ಕೆ ಹೋಗಿಬಿಟ್ಟ. ಸರದಾರ ನಡುಗಲಿಲ್ಲ, ಕುದುರೆ ತಿರುಗಲಿಲ್ಲ. ಭೀಮಣ್ಣ ಒಂದು ಏಟು ತಪ್ಪಿದ, ಕೂಡಿಕೊಂಡ.  ದಾದಾನಿಂದ ಕಲಿತವರು ಹಾಗೇ ಕಲಿತರು, ಅವರಿಂದ ಕಲಿತವರೂ ಹಾಗೇ. ನಮ್ಮೂರಿನ ಕರ್ಬಲಾದಲ್ಲಿ ಆ ಕಡೆಯಿಂದ ಈ ಕಡೆಗೆ ಯಾರೂ ಬರುವುದಿಲ್ಲ. ಬಟ್ಟಲು ಮಾತ್ರ ಉಳಿದಿದೆ. ಯಾರಿಗೆಂದು ಕೇಳಿದರೆ ಈಗಿನ ಹುಡುಗರು, ದಾರಿಹೋಕರಿಗೆ ಎನ್ನುತ್ತಾರೆ.

ಹೋದ ವರ್ಷದ ಪದವನ್ನು ಮುಂದೆ ನಿಂತು ಹಾಡಿದವನು ಶರಣಪ್ಪ. ಕ್ಷೇಮವಾಗಿ ತಿರುಗಿ ಬಂದವನು, ಪಿಂಚಣಿಯವನು, ಶಾಲೆಯಲ್ಲಿ ಧ್ವಜ ಏರಿಸುವ ದಿನ ಹಾರ ಹಾಕಿಸಿಕೊಳ್ಳುವವನು. ಅಪ್ಪನ ದಪ್ಪು, ನಮ್ಮ ದಾದಾನ ಪದ, ಎರಡೂ ಅವನ ಪಾಲಿಗೆ ಬಂದಿವೆ. ಪದ ಮುಗಿದು ಜನ ಮಸೂತಿಯ ಕಡೆ ಹೋದರು. ಅವನು ಮುಂದಿನ ಬಾಗಿಲಿನ ಹೊರಗೆ ನಮ್ಮ ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದ. ಹೊಸ್ತಿಲ ಒಳಗೆ ನಿಂತೇ, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ.

“ಶರಣಪ್ಪಣ್ಣ, ಅಲ್ಲಿ ಬಾವಿ ಇತ್ತೇನು?”

ಯಾವ ಬಾವಿ ಎಂದು ಅವನು ಕೇಳಲಿಲ್ಲ.

“ಇತ್ತು.”

“ಚಿಚ್ಚಾ ಬಂದ ಮ್ಯಾಲ?”

“ಅವನ ಪಾಳಿನೂ ನನಗ ಹಚ್ಚಿದ್ರು.”

“ನೀರು ಬಿಟ್ರೇನು?”

ಅವನು ಟವೆಲ್ಲು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. ನಾನು ಬೇರೆ ಕೇಳಿದೆ:

“ಪದದಾಗ ಬಂದಾಂವ ಇದ್ದ. ನಿನಗ ಗೊತ್ತದ. ಸಣ್ಣಾಂವ ಇದ್ದಾಗ ನೀನೂ ಕೇಳೀದಿ. ಯಾಕ ಹಾಡಲ್ಲ?”

“ನಿಮ್ಮ ದಾದಾ ಕಲಿಸಿಲ್ಲ ತಂಗಿ.”

“ಆದ್ರ ಗೊತ್ತದ.”

“ಗೊತ್ತದ,” ಎಂದ. ಎದ್ದು ಚಪ್ಪಲಿ ಮೆಟ್ಟಿದ. “ಒಬ್ಬ ಬಂದ ಅಂತ ಹಾಡಿದ್ರ, ಹೊಳಿ ಮುಂದ ಉಳದಾಂವ ಯಾರು ಅಂತ ಮಂದಿ ಕೇಳ್ತಾರ. ನಾ ಏನಂತ ಹೇಳ್ಲಿ?”

ಅವನು ಓಣಿಗೆ ಇಳಿದು ಹೋದ. ನಾನು ಪಡಸಾಲೆಯಲ್ಲಿ ನಿಂತೇ ಇದ್ದೆ. ಗೂಡಿನಲ್ಲಿ ಬಟ್ಟಲು ತುಂಬಿತ್ತು. ಆ ಹೊತ್ತಿನವರೆಗೆ ಮುಂದಿನ ಬಾಗಿಲಿನಿಂದ ಯಾರೂ ಒಳಗೆ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೆಳಕು ಮರೆಯಾಯಿತು. ಶರಣಪ್ಪ ದಪ್ಪನ್ನು ಪಡಸಾಲೆಯಲ್ಲೇ ಮರೆತಿದ್ದ. ತೆಗೆದುಕೊಳ್ಳಲು ಬಂದಿದ್ದ. ಹೊಸ್ತಿಲ ಒಳಗೆ ಒಂದು ಕಾಲು ಇಟ್ಟ ಮೇಲೆ ಅವನಿಗೂ ತಿಳಿಯಿತು, ಅಲ್ಲೇ ನಿಂತುಬಿಟ್ಟ.

ಒಳಗಿನಿಂದ ಅಮ್ಮಿ, ಕಣ್ಣು ಸರಿಯಾಗಿ ಕಾಣದವಳು, ಕೂಗಿದಳು:

“ಯಾರೋ ಬಂದ್ರಲ್ಲ. ಬಟ್ಟಲಾ ಕೊಡು, ಏನೂ ಕೇಳಬ್ಯಾಡ.”

ಬಟ್ಟಲು ತೆಗೆದು ಅವನ ಮುಂದೆ ಚಾಚಿದೆ. ಏನೂ ಕೇಳಲಿಲ್ಲ. ಇಷ್ಟು ಮಾಡಲು ದಾದಾನಿಗೆ ಏನು ಕಷ್ಟವಿತ್ತು ಎಂದು ಜೀವಮಾನವೆಲ್ಲ ಬೈದುಕೊಂಡವಳು ನಾನು. ಶರಣಪ್ಪ ಎರಡೂ ಕೈಯಿಂದ ಬಟ್ಟಲು ಹಿಡಿದ. ನನ್ನ ಬೆರಳುಗಳು ಅದನ್ನು ಬಿಡಲಿಲ್ಲ. ಅವನೇ ಎಳೆದುಕೊಂಡು ಕುಡಿಯಬೇಕಾಯಿತು.